ಆಲ್ಬರ್ಟ್ ಹಾಲ್‌ನ ನೆಲದ ಮೇಲೆ ಕೂತು

ಲಂಡನ್, ಭಾನುವಾರ ರಾತ್ರಿ

ಪ್ರೀತಿಯ ಅಮ್ಮಾ,

ಫೋನಿನಲ್ಲಿ ಮಾತಾಡುವಾಗ ಅರ್ಧಕ್ಕೇ ನಿನ್ನ ಕುಕ್ಕರ್ ಕೂಗುತ್ತದೆ, ಇಲ್ಲವಾದರೆ ನನಗೆ ಆಫೀಸಿನಿಂದ ಕರೆ ಬರುತ್ತದೆ. ಅದಕ್ಕೇ ಈ ಸಲ ಕೂತು ಬರೆಯುತ್ತಿದ್ದೇನೆ. ತಾತನಿಗೆ ಜೋರಾಗಿ ಓದಿ ಹೇಳು. ಅರ್ಧ ಪತ್ರ ಅವರಿಗೇ.

ಸೋಮವಾರ, ಮಂಗಳವಾರ ಬರೀ ಕೆಲಸ, ಹೇಳುವಂಥದ್ದು ಏನೂ ಇಲ್ಲ. ಬುಧವಾರ ಸಂಜೆ ಮಾತ್ರ ಪಕ್ಕದ ಮನೆಯವರ ಜೊತೆ ವಿಂಬಲ್ಡನ್ ಕಾಮನ್ ಅನ್ನುವ ಬಯಲಿಗೆ ಬ್ಲ್ಯಾಕ್‌ಬೆರಿ ಹಣ್ಣು ಬಿಡಿಸಲು ಹೋಗಿದ್ದೆ. ಆಗಸ್ಟ್ ಬಂತೆಂದರೆ ಇಲ್ಲಿನವರು ಮಕ್ಕಳು ಮರಿ ಕಟ್ಟಿಕೊಂಡು ಡಬ್ಬಿ ಹಿಡಿದು ಹೊರಡುತ್ತಾರೆ. ಬೇಲಿ ಬದಿಯಲ್ಲಿ ತಾನಾಗಿಯೇ ಬೆಳೆದ ಮುಳ್ಳಿನ ಪೊದೆ, ಕಾವಲೂ ಇಲ್ಲ, ಕಾಸೂ ಇಲ್ಲ. ಹಣ್ಣು ಪೂರ್ತಿ ಕಪ್ಪಾಗಿದ್ದರೆ ಬೆರಳು ತಾಗಿದ ಕೂಡಲೇ ಕೈಗೆ ಬರುತ್ತದೆ, ಸ್ವಲ್ಪ ಕೆಂಪಿದ್ದರೂ ಎಳೆದರೆ ಬರುವುದಿಲ್ಲ. ಮನೆಗೆ ಬರುವಷ್ಟರಲ್ಲಿ ನೇರಳೆಹಣ್ಣು ತಿಂದ ಹಾಗೆ ಕೈ, ನಾಲಿಗೆ ಎಲ್ಲಾ ಬಣ್ಣ. ಉಳಿದವರು ಜಾಮ್ ಮಾಡಿದರು, ನಾನು ಗೊಜ್ಜು ಮಾಡಿದೆ. ಹುರಿದ ಮೆಂತ್ಯ, ಒಣಮೆಣಸಿನಕಾಯಿ, ಬೆಲ್ಲ, ಟೂಟಿಂಗ್‌ನಲ್ಲಿ ಸಿಕ್ಕ ಕರಿಬೇವಿನ ಒಗ್ಗರಣೆ. ಹುಣಸೆ ಹಾಕಲೇ ಇಲ್ಲ, ಹಣ್ಣಿನ ಹುಳಿಯೇ ಸಾಕಾಯಿತು. ಬೀಜ ಜಾಸ್ತಿ, ಸೋಸಬೇಕಿತ್ತು. ಆದರೂ ಎರಡು ದಿನ ಅನ್ನಕ್ಕೆ ಅದನ್ನೇ ಕಲಸಿಕೊಂಡು ತಿಂದೆ.

ಶುಕ್ರವಾರದ್ದು ದೊಡ್ಡ ಸುದ್ದಿ. ಬೆಳಿಗ್ಗೆ ಆನ್‌ಲೈನಿನಲ್ಲಿ ಕಾದು ಕೂತು ಪ್ರಾಮ್ಸ್ ಸಂಗೀತೋತ್ಸವಕ್ಕೆ ನಿಂತು ಕೇಳುವ ಟಿಕೆಟ್ ತಗೊಂಡೆ. 8 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು ಸಾವಿರ ರೂಪಾಯಿ. ಈ ಊರಲ್ಲಿ ಅಷ್ಟಕ್ಕೆ ಒಂದು ಹೊತ್ತಿನ ಊಟವೂ ಕಷ್ಟ! ಪ್ರತಿ ಬೇಸಿಗೆಯಲ್ಲಿ ಎಂಟು ವಾರ ನಡೆಯುತ್ತದೆ. ಶುರುವಾಗಿದ್ದು 1895ರಲ್ಲಿ. ಆಗ ಕ್ವೀನ್ಸ್ ಹಾಲ್ ಅಂತ ಬೇರೆ ಕಡೆ ಇತ್ತು, 1941ರಲ್ಲಿ ಬಾಂಬು ಬಿದ್ದು ಅದು ಹಾಳಾದ ಮೇಲೆ ರಾಯಲ್ ಆಲ್ಬರ್ಟ್ ಹಾಲ್‌ಗೆ ಬಂತು.

ಸಂಗೀತ ಕಛೇರಿ ಇದ್ದದ್ದು ಸಂಜೆ ಏಳೂವರೆಗೆ. ಅದಕ್ಕೆ ಮೊದಲು ಹತ್ತಿರದಲ್ಲೇ ಇರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋಗಿ ಟಿಪ್ಪುವಿನ ಹುಲಿ ನೋಡಿ ಬಂದೆ. ಅಮ್ಮಾ, ಅದು ಥೇಟ್ ನಮ್ಮ ದಸರಾ ಗೊಂಬೆ! ಮರದ್ದು, ಬಣ್ಣ ಹಚ್ಚಿದ್ದು, ಕೆಳಗೆ ಕೆಂಪು ಕೋಟಿನ ಬಿಳಿಯ ಬಿದ್ದಿದ್ದಾನೆ, ಅವನ ಕತ್ತಿಗೆ ಹುಲಿ ಬಾಯಿ ಹಾಕಿದೆ. ಒಳಗೆ ವಾದ್ಯ ಇದೆ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುವ ಸದ್ದು, ಅವನು ನರಳುವ ಸದ್ದು ಬರುವ ಹಾಗೆ ಮಾಡಿದ್ದಾರೆ. ಹುಲಿಯ ಪಕ್ಕೆಯಲ್ಲಿ ಬಾಗಿಲಿದೆ, ಒಳಗೆ ಹಾರ್ಮೋನಿಯಂಗೆ ಇರುವ ಹಾಗೆ ಸಾಲಾಗಿ ಕೀಗಳಿವೆ. ಈಗ ಗಾಜಿನ ಪೆಟ್ಟಿಗೆಯಲ್ಲಿ ಸುಮ್ಮನೆ ನಿಂತಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತು ತಂದಿದ್ದು. ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಊರಿನ ವಸ್ತು, ಇಲ್ಲಿ ಬಂದು ನೋಡಬೇಕಾಯಿತಲ್ಲ.

ಆಮೇಲೆ ಹಾಲ್. ಒಳಗೆ ಹೋದರೆ ಮಧ್ಯದಲ್ಲಿ ಕುರ್ಚಿಯೇ ಇಲ್ಲ, ಬರೀ ನೆಲ. ನಮ್ಮಂಥವರೆಲ್ಲ ಅಲ್ಲೇ. ಶುರುವಾಗುವವರೆಗೆ ಎಲ್ಲರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ನನ್ನ ಪಕ್ಕದ ಅಜ್ಜ ಪುಟ್ಟ ಡಬ್ಬಿಯಲ್ಲಿ ಸ್ಯಾಂಡ್‌ವಿಚ್ ತಂದಿದ್ದರು, ಒಂದು ನನಗೂ ಕೊಟ್ಟರು. ಚಿಕ್ಕವಳಿದ್ದಾಗ ದಸರಾದಲ್ಲಿ ತಾತ ಅರಮನೆ ಮುಂದೆ ಕೂರಿಸಿಕೊಂಡು ಪೊಲೀಸ್ ಬ್ಯಾಂಡ್ ಕೇಳಿಸುತ್ತಿದ್ದರಲ್ಲ, ಕಡಲೆಕಾಯಿ ಸುಲಿದು ಕೈಗೆ ಹಾಕುತ್ತಾ? ಅದೇ ನೆನಪಾಯಿತು.

ಯಾವ ಊರು ಅಂತ ಅಜ್ಜ ಕೇಳಿದರು. ಮೈಸೂರು ಅಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ನಿಮ್ಮ ಮಹಾರಾಜರಿಗೆ ನಾವು ಋಣಿಗಳು’ ಅಂದರು. ತಾತಾ, ಇದನ್ನು ನೀವು ಗಮನವಿಟ್ಟು ಕೇಳಬೇಕು. ಯುದ್ಧ ಮುಗಿದ ಮೇಲೆ ಇಲ್ಲಿ ಫಿಲ್‌ಹಾರ್ಮೋನಿಯಾ ಅಂತ ಹೊಸ ಆರ್ಕೆಸ್ಟ್ರಾ ಕಟ್ಟಿದಾಗ ಕೈಯಲ್ಲಿ ಕಾಸಿರಲಿಲ್ಲವಂತೆ. ಆಗ ಹಣ ಕೊಟ್ಟು ಅದರ ಕೈ ಹಿಡಿದವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ‘ಫೋರ್ ಲಾಸ್ಟ್ ಸಾಂಗ್ಸ್’ ಅನ್ನುವ ನಾಲ್ಕು ಹಾಡುಗಳನ್ನು ಮೊದಲ ಸಲ ಹಾಡಿದ್ದು 1950ರ ಮೇ 22ರಂದು, ಇದೇ ಆಲ್ಬರ್ಟ್ ಹಾಲ್‌ನಲ್ಲಿ, ಅದೇ ಆರ್ಕೆಸ್ಟ್ರಾ ಜೊತೆ. ಅದಕ್ಕೂ ಹಣದ ಬೆನ್ನಿಗೆ ನಿಂತವರು ಮಹಾರಾಜರೇ. ಆವತ್ತು ಬರಲು ಆಗದ ಅವರಿಗೋಸ್ಕರ ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಿದರಂತೆ. ಅವರು ಕೃತಿ ರಚಿಸುತ್ತಿದ್ದರು ಅಂತ ನೀವು ಹೇಳಿದ್ದಿರಿ, ಅಂಬಾರಿ ಮೇಲೆ ಅವರನ್ನು ನೋಡಿದ್ದೂ ಹೇಳಿದ್ದಿರಿ. ಇದನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ನಾನು ಓದಿದ್ದು ಅರಮನೆಗೆ ಕಾಣುವಷ್ಟು ಹತ್ತಿರದ ಶಾಲೆಯಲ್ಲಿ!

ಆಮೇಲೆ ಬೀಥೋವನ್ ಸಿಂಫನಿ ನುಡಿಸಿದರು. ಮುಕ್ಕಾಲು ಗಂಟೆಗೂ ಜಾಸ್ತಿ ನಿಂತಿದ್ದೆ, ಕಾಲು ನೋವು ಗೊತ್ತಾಗಲೇ ಇಲ್ಲ. ಅಷ್ಟು ಸಾವಿರ ಜನ, ಒಂದು ಕೆಮ್ಮಿಲ್ಲ. ಮೆಲ್ಲಗೆ ನುಡಿಸುವ ಕಡೆ ಪಿಟೀಲಿನವರ ಕಮಾನು ತಂತಿಗೆ ತಾಗುವ ಸದ್ದೂ ಕೇಳಿಸುತ್ತಿತ್ತು.

ಇವತ್ತು ಸುಮ್ನೆ ಥೇಮ್ಸ್ ದಂಡೆಯಲ್ಲಿ ನಡೆದೆ. ಅಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರಲ್ಲಿ ಇಟ್ಟಿದ್ದು, ನದಿಯಾಚೆ ಪಾರ್ಲಿಮೆಂಟ್. ಯಾರೋ ಪಾದದ ಬಳಿ ಹೂವಿಟ್ಟು ಹೋಗಿದ್ದರು. ಸ್ವಲ್ಪ ಹೊತ್ತು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ.

ಅಮ್ಮಾ, ಒಂದು ಕೆಲಸ ಮಾಡು. ಹುಲಿಯ ಪೋಸ್ಟ್‌ಕಾರ್ಡು ಇದರ ಜೊತೆ ಇಟ್ಟಿದ್ದೇನೆ, ಈ ಸಲ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆ ಕೆಳಗಿನ ಮೆಟ್ಟಿಲಲ್ಲಿ ಇಡು. ಇನ್ನೊಂದು, ತಮ್ಮನಿಗೆ ಹೇಳಿ ಆ ನಾಲ್ಕು ಹಾಡುಗಳನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿಸು. ಮೂರನೆಯದರಲ್ಲಿ ಪಿಟೀಲು ಒಂದೇ ನುಡಿಯುವ ಜಾಗ ಬರುತ್ತದೆ, ತಾತನಿಗೆ ಹಿಡಿಸುತ್ತದೆ. ನಾಲ್ಕನೆಯದು ವಯಸ್ಸಾದ ಗಂಡ ಹೆಂಡತಿ ಕೈ ಹಿಡಿದುಕೊಂಡು ಸಂಜೆಯ ಬೆಳಕು ನೋಡುವ ಹಾಡು. ಅದು ಬರುವ ಮುಂಚೆ ಅಜ್ಜಿಯನ್ನು ಅಡುಗೆಮನೆಯಿಂದ ಕರೆದು ತಾತನ ಪಕ್ಕದಲ್ಲಿ ಕೂರಿಸು.

ನಿನ್ನ,
ಪುಟ್ಟಿ