ಶೀಟ್ ಮನೆಗಳ ಮೇಲೆ ಬಳ್ಳಿ ಚಪ್ಪರ: ಜನವರಿ ಕೊನೆಯೊಳಗೆ ಬೀಜ ಹಾಕಿ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಬಿಸಿಲಿಗೆ ಶೀಟಿನ ಮೇಲೆ ನೆರಳಿರಬೇಕಾದರೆ ಹೀರೆ, ಸೋರೆ ಬೀಜ ಈಗಲೇ ಮಣ್ಣಿಗೆ ಬೀಳಬೇಕು. ಬಳ್ಳಿ ಹಬ್ಬಲು ಎರಡು ತಿಂಗಳಾದರೂ ಬೇಕು.

ದಯವಿಟ್ಟು ಶೀಟಿನ ಮೇಲೆ ಮಣ್ಣು ಹಾಕಬೇಡಿ. 10 ಸೆಂ.ಮೀ. ಒದ್ದೆ ಮಣ್ಣು ಚದರ ಮೀಟರಿಗೆ 150 ಕಿಲೋ ದಾಟುತ್ತದೆ, ಶೀಟು ತಡೆಯುವುದಿಲ್ಲ. ರಿಯೊ ಡಿ ಜನೈರೊದ ಪಾರ್ಕೆ ಅರಾರಾ ಕೊಳೆಗೇರಿಯಲ್ಲಿ ಇದೇ ಕಾರಣಕ್ಕೆ ಮಣ್ಣಿನ ಬದಲು ಹಗುರವಾದ ಸಿಂಥೆಟಿಕ್ ಬಟ್ಟೆ ಹಾಸಿ ಗಿಡ ಬೆಳೆಸಿದ್ದಾರೆ. ನಮಗೆ ಚಪ್ಪರವೇ ಸುಲಭ.

ಗೋಡೆಯ ಬುಡದಲ್ಲಿ 40 ಲೀಟರಿನ ಚೀಲ ಇಡಿ, ತಳದಲ್ಲಿ ನಾಲ್ಕೈದು ತೂತು ಇರಲಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಚೀಲಕ್ಕೆ ಎರಡೇ ಬಳ್ಳಿ.

ಚಪ್ಪರ ಶೀಟಿಗಿಂತ ಒಂದು ಅಡಿ ಮೇಲಿರಲೇಬೇಕು. ನಡುವೆ ಗಾಳಿ ಆಡಿದರೆ ಮಾತ್ರ ಬಿಸಿ ಹೊರಹೋಗುತ್ತದೆ. ಬಳ್ಳಿ ನೇರವಾಗಿ ತಗಡಿಗೆ ತಾಗಿದರೆ ಎಲೆ ಸುಡುತ್ತದೆ, ಮಳೆಗಾಲದಲ್ಲಿ ತೇವ ನಿಂತು ತಗಡು ತುಕ್ಕು ಹಿಡಿಯುತ್ತದೆ. ಕಂಬಗಳನ್ನು ನೆಲದಲ್ಲಿ ಒಂದೂವರೆ ಅಡಿ ಹೂಳಿ. ಶೀಟಿಗೆ ಕಟ್ಟಿದರೆ ಮೇ ತಿಂಗಳ ಗಾಳಿಮಳೆಗೆ ಚಪ್ಪರದ ಜೊತೆ ಚಾವಣಿಯೂ ಏಳುತ್ತದೆ. ಹಳೆಯ ಸಿಮೆಂಟ್ ಶೀಟಾಗಿದ್ದರೆ ಕೊರೆಯಲೇಬೇಡಿ, ಅದರಲ್ಲಿ ಕಲ್ನಾರು ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಅಪಾಯ. ವಿದ್ಯುತ್ ತಂತಿ ಹತ್ತಿರವಿರುವ ಕಡೆ ಚಪ್ಪರ ಬೇಡ.

ನೀರಿನ ಕೊರತೆ ಇರುವವರು ಅಕ್ಕಿ, ತರಕಾರಿ ತೊಳೆದ ನೀರು ಹಾಕಿ. ಬಟ್ಟೆ ಸೋಪಿನ ನೀರು ದಿನವೂ ಬಿದ್ದರೆ ಉಪ್ಪು ಸೇರಿ ಬೇರು ಸಾಯುತ್ತದೆ. ಚೀಲದ ಕೆಳಗೆ ತಟ್ಟೆ ಇಟ್ಟಿದ್ದರೆ ವಾರಕ್ಕೊಮ್ಮೆ ಉಜ್ಜಿ ಒಣಗಿಸಿ, ಡೆಂಗಿ ಸೊಳ್ಳೆ ಅಲ್ಲೇ ಮೊಟ್ಟೆ ಇಡುವುದು.

ಯಾರ ಮನೆಗೆ ಎಷ್ಟು ಚೀಲ ಬೇಕೆಂದು ಭಾನುವಾರದೊಳಗೆ ಇಲ್ಲೇ ತಿಳಿಸಿ.