ಐ.ಇ. ಬೇರೆ, ಇ.ಜಿ. ಬೇರೆ

ಮಾನ್ಯರೇ,

ಇಂಗ್ಲಿಷ್ ಸುತ್ತೋಲೆ, ಕರಾರುಪತ್ರಗಳಲ್ಲಿ 'ಐ.ಇ.' (i.e.), 'ಇ.ಜಿ.' (e.g.) ಎಂಬ ಸಂಕ್ಷೇಪಗಳು ಅದಲುಬದಲಾಗುವುದು ಸಣ್ಣ ತಪ್ಪಲ್ಲ. ಮೊದಲನೆಯದು ಲ್ಯಾಟಿನ್ನಿನ 'ಇಡ್ ಎಸ್ಟ್', ಎಂದರೆ 'ಅಂದರೆ'. ಎರಡನೆಯದು 'ಎಕ್ಸೆಂಪ್ಲಿ ಗ್ರಾಷಿಯಾ', 'ಉದಾಹರಣೆಗೆ'. ಗುರುತಿನ ದಾಖಲೆ ಕೇಳುವಾಗ 'ಪಾಸ್‌ಪೋರ್ಟ್' ಪದದ ಮೊದಲು 'ಐ.ಇ.' ಹಾಕಿದರೆ ಅದೊಂದೇ ನಡೆಯುತ್ತದೆ, 'ಇ.ಜಿ.' ಹಾಕಿದರೆ ಬೇರೆ ದಾಖಲೆಯೂ ಆದೀತು. ಅರ್ಜಿದಾರರು ವಿನಾಕಾರಣ ವಾಪಸ್ಸಾಗಲು ಇಷ್ಟು ಸಾಕು.

'ಇ.ಜಿ.' ಪಟ್ಟಿಯ ಕೊನೆಗೆ 'ಎಟ್ಸೆಟ್ರಾ' ಬೇಡ, ಪಟ್ಟಿ ಅಪೂರ್ಣವೆಂದು ಮೊದಲೇ ಹೇಳಿಯಾಗಿದೆ. 'ಎಟ್' ಎಂದರೇ 'ಮತ್ತು'. ಹಾಗಾಗಿ 'ಎಟ್ಸೆಟ್ರಾ'ದ ಹಿಂದೆ 'ಆ್ಯಂಡ್' ಕೂಡ ದಂಡ. ಸಂಶೋಧನಾ ಲೇಖನಗಳಲ್ಲಿ 'ಮತ್ತು ಇತರರು' ಎನ್ನಲು ಬಳಸುವ 'ಎಟ್ ಆಲ್.'ನಲ್ಲಿ (et al.) ಚುಕ್ಕಿ ಎರಡನೆಯ ಪದಕ್ಕೆ ಮಾತ್ರ: ಮೊಟಕಾಗಿರುವುದು ಅದೊಂದೇ. ಸಾರ್ವಜನಿಕ ಸೂಚನೆಗಳಲ್ಲಂತೂ ಈ ಸಂಕ್ಷೇಪಗಳ ಬದಲು ಸರಳ ಇಂಗ್ಲಿಷ್ ಪದಗಳನ್ನೇ ಬಳಸಲಿ.

— ಓದುಗರು