ಹೊಸ ಲೇತ್ ತಂದವರಿಗೆ

ಸದಸ್ಯರೇ, ಹುಬ್ಬಳ್ಳಿ-ಧಾರವಾಡದಲ್ಲಿ ಕಟ್ಟಿಗೆ ಲೇತ್ (ಕಟ್ಟಿಗೆ ತುಂಡನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರ) ಕೊಂಡಿರುವ ಹೊಸಬರು ದಯವಿಟ್ಟು ಇದನ್ನು ಓದಿ.

ಮೊದಲೇ ಬಟ್ಟಲು ಕಡೆಯಲು ಹೋಗಬೇಡಿ. ಕಲಘಟಗಿ ತೊಟ್ಟಿಲಿನ ಕಾಲಿನಂಥ ಉದ್ದನೆ ತುಂಡಿನಿಂದ ಶುರು ಮಾಡಿ. ಬಿರುಕು, ಗಂಟು ಇರಬಾರದು. ಸ್ವಿಚ್ ಹಾಕುವ ಮುಂಚೆ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ, ಎಲ್ಲೂ ತಾಗಬಾರದು. ಚೌಕ ತುಂಡು ದುಂಡಗಾಗುವವರೆಗೆ ವೇಗ ಕಡಿಮೆ ಇರಲಿ.

ಉಳಿ ಹಿಡಿಯುವುದರಲ್ಲೇ ಎಲ್ಲ ಇದೆ. ಮೊದಲು ಉಳಿಯನ್ನು ಟೂಲ್ ರೆಸ್ಟ್ (ಕಟ್ಟಿಗೆಯ ಮುಂದಿರುವ ಆಸರೆ ಪಟ್ಟಿ) ಮೇಲೆ ಊರಿ. ಆಮೇಲೆ ಉಳಿಯ ಇಳಿಜಾರು ಬೆನ್ನು ಕಟ್ಟಿಗೆಗೆ ತಾಗಲಿ. ನಂತರ ಹಿಡಿಕೆಯನ್ನು ನಿಧಾನಕ್ಕೆ ಎತ್ತಿ, ಅಂಚು ತಾನೇ ಕೊರೆಯುತ್ತದೆ. ನೇರ ತುದಿ ಚುಚ್ಚಿದರೆ ಉಳಿ ಕೈಯಿಂದ ಜಗ್ಗಿಕೊಂಡು ಹೋಗುತ್ತದೆ.

ಕೈಗವಸು, ಸಡಿಲ ತೋಳು ಬೇಡವೇ ಬೇಡ. ಬರೀ ಕನ್ನಡಕ ಸಾಲದು, ಪೂರ್ತಿ ಮುಖಕ್ಕೆ ಕವಚ ಬೇಕು. ಸ್ಯಾಂಡ್ ಪೇಪರ್ ಹಿಡಿಯುವಾಗ ಟೂಲ್ ರೆಸ್ಟ್ ತೆಗೆದಿಡಿ. ಉಳಿ ಮಸೆಯುವುದು ಗೊತ್ತಿಲ್ಲದವರು ಇಲ್ಲೇ ಕೇಳಿ, ಸಂಕೋಚ ಬೇಡ.